ಯಹೂದಿಗಳ ಆಪ್, ಬ್ಯಾರಿಯ ಎಡವಟ್ಟು

ಆಪ್ ಬರೆಯುವವನ ಬುದ್ಧಿ ಆಗಾಗ ಕೈಕೊಡುತ್ತದೆ. ನನ್ನದಂತೂ ಒಂದೇ ಆಪ್‌ನಲ್ಲಿ ಮೂರು ಸಲ ಕೈಕೊಟ್ಟಿತು. ಇಲ್ಲಿ ದುಬೈನಲ್ಲಿರುವ ಯಹೂದಿ ಕುಟುಂಬಗಳು ಪರಸ್ಪರ ಸಂಪರ್ಕದಲ್ಲಿರಲೆಂದು ಆಪ್ ಮಾಡಿಕೊಡುವ ಕೆಲಸ ಸಿಲಿಕಾನ್ ಓಯಸಿಸ್‌ನ ನಮ್ಮ ಸಣ್ಣ ಕಂಪನಿಗೆ ಬಂದಿತ್ತು. ಉಪ್ಪಿನಂಗಡಿ ಕಡೆಯ ಬ್ಯಾರಿ ಮುಸ್ಲಿಮನಾದ ನನಗೆ ಅವರ ರೀತಿನೀತಿ ಹೇಳಿಕೊಡಲು ಮುಂಬೈ ಮೂಲದ ಯಹೂದಿ ಹಿರಿಯರೊಬ್ಬರಿದ್ದರು. ಹೆಂಡತಿ ತೀರಿಹೋಗಿ ಒಬ್ಬರೇ ಇದ್ದರು. ನಾನು ಅಂಕಲ್ ಅನ್ನುತ್ತಿದ್ದೆ, ಅವರು ಬೇಟಾ ಅನ್ನುತ್ತಿದ್ದರು.

ವಿಶ್ರಾಂತಿಯ ಗಂಟೆ

ಶುಕ್ರವಾರ ಸಂಜೆಯಿಂದ ಶನಿವಾರ ಕತ್ತಲಾಗುವವರೆಗೆ ಅವರಿಗೆ ಸಬ್ಬತ್, ಫೋನ್ ಮುಟ್ಟುವಂತಿಲ್ಲ. ಅದನ್ನು ನೆನಪಿಸಲು ಗಂಟೆಯೊಂದನ್ನು ಇಟ್ಟೆ. ಮುಟ್ಟಿ ನಿಲ್ಲಿಸುವವರೆಗೆ ಅದು ಬಡಿದುಕೊಳ್ಳುತ್ತಲೇ ಇರುತ್ತಿತ್ತು. ಸೋಮವಾರ ಅಂಕಲ್ ಆಫೀಸಿಗೆ ಬಂದಾಗಲೂ ಕಣ್ಣಿನ ಕೆಂಪು ಇಳಿದಿರಲಿಲ್ಲ. ವಿಶ್ರಾಂತಿ ತಗೊಳ್ಳಿ ಅಂತ ಆಪ್ ಇಪ್ಪತ್ತೈದು ಗಂಟೆ ಹೇಳಿತಂತೆ, ಕಣ್ಣು ಮುಚ್ಚಲು ಮಾತ್ರ ಬಿಡಲಿಲ್ಲವಂತೆ.

ಊಟಕ್ಕೆ ಬನ್ನಿ

ಸಬ್ಬತ್ ಊಟಕ್ಕೆ ಕರೆಯುವ ಮನೆಗಳನ್ನೂ ಒಂಟಿಯಾಗಿರುವವರನ್ನೂ ಜೋಡಿಸುವುದು ಮುಂದಿನ ಕೆಲಸ. ಇಲ್ಲೇ ದುಬೈನ ಸತ್ವಾದಲ್ಲಿ ರೂಮು ಮಾಡಿದ್ದ ಹೊಸಬರೊಬ್ಬರಿಗೆ ಆಪ್ ಅಬುಧಾಬಿಯ ಮನೆ ತೋರಿಸಿತು. ಕಾರಿನಲ್ಲಿ ಒಂದೂವರೆ ಗಂಟೆ ತಾನೇ ಎಂದೆ. ಸಬ್ಬತ್ ದಿನ ಯಹೂದಿಗಳು ವಾಹನ ಹತ್ತುವುದಿಲ್ಲವೆಂದು ನನಗೆ ಹೊಳೆದೇ ಇರಲಿಲ್ಲ. ಹಾಗಾದರೆ ಬುಧವಾರವೇ ನಡೆಯಲು ಶುರುಮಾಡಲೇ ಎಂದು ಅವರು ಬಹಳ ಮರ್ಯಾದೆಯಿಂದ ಕೇಳಿದರು. ನಕ್ಕುಬಿಟ್ಟೆ. ಆ ಶುಕ್ರವಾರ ಅವರು ಒಬ್ಬರೇ ಉಂಡರೆಂದು ಆಮೇಲೆ ತಿಳಿದು ನಾಚಿಕೆಯಾಯಿತು.

ಹತ್ತು ಜನ

ಅಂಕಲ್‌ಗೆ ಆಪ್ ಬೇಕಾಗಿದ್ದದ್ದೇ ಇದಕ್ಕೆ. ಹೆಂಡತಿ ತೀರಿದ ದಿನ ಪ್ರತಿವರ್ಷ ಹೇಳುವ ಪ್ರಾರ್ಥನೆಗೆ ಹತ್ತು ಯಹೂದಿ ಗಂಡಸರು ಸೇರಲೇಬೇಕು. ಹಿಂದಿನ ವರ್ಷ ಏಳೇ ಜನ ಸಿಕ್ಕಿದ್ದರಂತೆ. ನಮ್ಮೂರ ಮಸೀದಿಯಲ್ಲಿ ಶುಕ್ರವಾರದ ಜುಮಾ ನಮಾಜಿಗೆ ನಲವತ್ತು ಜನ ಬೇಕು; ಹತ್ತು ಯಾವ ಮಹಾ ಎಂದುಕೊಂಡೆ. ಬರುವವರು ಗುಂಡಿ ಒತ್ತಬೇಕು, ಹತ್ತಾದ ಕೂಡಲೇ ಆಪ್ ಉಳಿದವರಿಗೆ 'ಖಲಾಸ್, ಸಾಕು' ಎನ್ನಬೇಕು, ಹಾಗೆ ಮಾಡಿದೆ. ಕೆಲಸ ಮಾಡುತ್ತದೆಯೇ ಎಂದು ನೋಡಲು ಮೊದಲ ಗುಂಡಿ ನಾನೇ ಒತ್ತಿದೆ. ಅಳಿಸಲು ಮರೆತೆ.

ಪ್ರಾರ್ಥನೆಯ ಸಂಜೆ ಅಂಕಲ್ ಮನೆಯಲ್ಲಿ ಅವರೂ ಸೇರಿ ಒಂಬತ್ತು ಜನ ಕಾದರು. ಹತ್ತನೆಯವರು ಯಾರೆಂದು ಅಂಕಲ್ ಫೋನ್ ಮಾಡಿದಾಗ ನಾನೊತ್ತಿದ್ದ ಗುಂಡಿ ನೆನಪಾಯಿತು. ಟ್ಯಾಕ್ಸಿ ಹಿಡಿದೆ. 'ಸಾಕು' ಎನ್ನಿಸಿಕೊಂಡವರಿಗೆಲ್ಲ ದಾರಿಯುದ್ದಕ್ಕೂ ಫೋನ್ ಮಾಡಿದೆ. ಹತ್ತಿರ ಯಾರೂ ಇರಲಿಲ್ಲ. ಸೂರ್ಯ ಮುಳುಗುವುದರೊಳಗೆ ಮುಗಿಯಬೇಕಿದ್ದ ಪ್ರಾರ್ಥನೆ, ಹೇಳಲಾಗಲೇ ಇಲ್ಲ. ಇನ್ನು ಒಂದು ವರ್ಷ ಕಾಯಬೇಕು. ಇವತ್ತಿಗೂ ನೆನೆದರೆ ಸಂಕಟವಾಗುತ್ತದೆ.

ಬಾಗಿಲಲ್ಲಿ ತಲೆ ತಗ್ಗಿಸಿ ನಿಂತೆ. ಅಂಕಲ್ ನನ್ನನ್ನು ನೋಡಿದರು, ಫೋನ್ ನೋಡಿದರು, ಕುರ್ಚಿ ಎಳೆದು ಕೊಟ್ಟರು.

"ನಿನ್ನ ಆಪ್ ಸುಳ್ಳು ಹೇಳಿಲ್ಲ ಬೇಟಾ," ಎಂದರು. "ಹತ್ತು ಅಂದಿತ್ತು, ಹತ್ತು ಜನ ಬಂದೇ ಬಂದರು. ಅದರಲ್ಲೊಬ್ಬ ಬ್ಯಾರಿ ಅಂತ ಅದಕ್ಕೇನು ಗೊತ್ತು?"