ಎಣ್ಣೆ ಹಚ್ಚಿದ ತಲೆಗಳು

ತನಗೆ ‘ಬ್ಯಾಡ’ ಅನ್ನಲು ಬರುವುದಿಲ್ಲ, ಪಿಎಚ್‌ಡಿ ಕೆಟ್ಟರೆ ಅದರಿಂದಲೇ ಕೆಡುತ್ತದೆ ಎಂದು ಭಾಗ್ಯಾ ಬೆಳಿಗ್ಗೆಯೇ ಡೈರಿಯಲ್ಲಿ ಬರೆದುಕೊಂಡಿದ್ದಳು. ಮೆದುಳಿನ ಮೇಲೆ ಸಂಶೋಧನೆ ಮಾಡುವವಳ ಬಾಯಿ, ಬೇಕಾದಾಗ ತುಕ್ಕು ಹಿಡಿದ ಟ್ರಂಕಿನ ಹಾಗೆ ಮುಚ್ಚಿಕೊಂಡುಬಿಡುತ್ತಿತ್ತು.

ವಯಸ್ಸಾದವರ ತಲೆಗೆ ತಂತಿಗಳ ಟೊಪ್ಪಿಗೆ ಹಾಕಿ, ಕಣ್ಣು ಮುಚ್ಚಿಸಿ ಹತ್ತು ನಿಮಿಷ ಕೂಡ್ರಿಸಿದರೆ, ಮೆದುಳಿನ ತರಂಗ ಲ್ಯಾಪ್‌ಟಾಪಿನಲ್ಲಿ ಗೆರೆಯಾಗಿ ಮೂಡುತ್ತದೆ. ತಲೆ ಒಣಗಿರಬೇಕು. ಹಲ್ಲು ಕಚ್ಚಬಾರದು, ಕಚ್ಚಿದರೆ ಇಡೀ ರೆಕಾರ್ಡಿಂಗ್ ಕಸಕ್ಕೆ. ಸಂಜೆ ಬಸ್ಸಿಗೆ ಯಂತ್ರ ಧಾರವಾಡಕ್ಕೆ ವಾಪಸಾಗಬೇಕು. ತನ್ನೂರು ದೇವಿಕೊಪ್ಪದಿಂದ ಒಂದಾದರೂ ರೆಕಾರ್ಡಿಂಗ್ ತರದಿದ್ದರೆ ಬೇರೆ ವಿಷಯ ಹುಡುಕಿಕೋ ಎಂದು ಗೈಡ್ ಹೇಳಿಬಿಟ್ಟಿದ್ದರು.

ಜನ ಕೂಡಿಸುವ ಹೊಣೆ ಬಾಜೂಮನೆಯ ರೇಣುಕವ್ವ ದೊಡ್ಡವ್ವನದು. “ತಲಿ ನೋಡೂದೈತಿ” ಎಂದು ಭಾಗ್ಯಾ ಶುರುಮಾಡಿದ್ದಳು. ಎಣ್ಣೆ ಹಚ್ಚಬಾರದೆಂಬ ಮುಂದಿನದನ್ನು ದೊಡ್ಡವ್ವನ ಮಾತು ನುಂಗಿತ್ತು.

ಪಡಸಾಲೆಗೆ ಬಂದ ತಲೆಗಳೆಲ್ಲ ಮಿರಮಿರ ಮಿಂಚುತ್ತಿದ್ದವು. ಓಣಿಯ ಮುದುಕಿ ಬಾಷಾಬಿಯ ಕಿವಿಯ ಹಿಂದೆ ಕೊಬ್ಬರಿ ಎಣ್ಣೆ ಇಳಿಯುತ್ತಿತ್ತು.

“ಧಾರವಾಡದ ಮಷೀನಿನ ಮುಂದ ಒಣಾ ತಲಿ ಇಡ್ತಾರೇನ?” ಎಂದಳು ದೊಡ್ಡವ್ವ. “ಊರ ಮರ್ಯಾದಿ ಬ್ಯಾಡೇನ?”

ತಂತಿಗಳು ಒಂದೊಂದಾಗಿ ಜಾರಿದವು. ತೊಳೆಸೋಣವೆಂದರೆ ನಳದ ನೀರು ಬರುವುದು ನಾಡಿದ್ದು. ಭಾಗ್ಯಾಳ ಸಿಟ್ಟು ಒಲೆಯ ಮೇಲಿನ ನುಚ್ಚಿನಂತೆ ಕುದಿಯಿತು. ಬಾಯಿ ಮಾತ್ರ, “ಇರ್ಲಿ ಬಿಡ ದೊಡ್ಡವ್ವ” ಅಂದಿತು.

ಬೋಳುತಲೆಯ ಹುಲಿಗೆಪ್ಪಜ್ಜ ನೆನಪಾಗಿ ಓಡಿದಳು. ಹಿತ್ತಲ ದಾರಿಯಿಂದ ದೊಡ್ಡವ್ವ ಮೊದಲೇ ಅವನ ಮನೆ ಮುಟ್ಟಿದ್ದಳು. ಅಜ್ಜನ ತಲೆ ಹುಣಸೆಹಣ್ಣಿನಿಂದ ತಿಕ್ಕಿದ ತಾಮ್ರದ ಕೊಡದಂತಿತ್ತು.

“ಕೂದಲಿಲ್ಲಂತ ಬಿಡಾಕ ಬರ್ತದೇನ? ಪಾಪ, ಅವನೂ ಮನಶ್ಯಾನ.”

ಒರೆಸಲು ಹೋದರೆ ಅಜ್ಜ ತಲೆಗೆ ಟವೆಲ್ ಸುತ್ತಿಕೊಂಡ. ರೇಣುಕವ್ವ ಹಚ್ಚಿದ್ದನ್ನು ಒರೆಸಿದರೆ ನಾಳೆ ತನಗೆ ರೊಟ್ಟಿ ಯಾರು ಕೊಡುತ್ತಾರೆ ಎಂಬುದು ಅವನ ಚಿಂತೆ.

ಆಗ ಭಾಗ್ಯಾಳ ಕಣ್ಣು ದೊಡ್ಡವ್ವನ ತಲೆಯ ಮೇಲೆ ಬಿತ್ತು. ಒಣಗಿದ ಬಣವೆಯಂತಿತ್ತು.

“ನನ್ನ ತಲಿಗೆ ಎಣ್ಣಿ ಉಳೀಲಿಲ್ಲ ನೋಡವಾ” ಎಂದಳು ದೊಡ್ಡವ್ವ ನಾಚಿಕೊಂಡು.

ಭಾಗ್ಯಾ ಟೊಪ್ಪಿಗೆ ತೊಡಿಸಿದಳು. ಎಂದೂ ಸುಮ್ಮನಿರದ ದೊಡ್ಡವ್ವ ಗಪ್ ಕೂತಳು. ಗೆರೆಗಳು ಕೆರೆಯ ನೀರಿನಂತೆ ತಣ್ಣಗೆ ಹರಿದವು. ಒಂದೇ ನಿಮಿಷ ಉಳಿದಿತ್ತು. ಕಣ್ಣು ತೆರೆಯದೆ, ತುಟಿ ಅಲುಗದಷ್ಟು ಮೆಲ್ಲಗೆ ದೊಡ್ಡವ್ವ ಕೇಳಿದಳು:

“ಖರೇ ಹೇಳವಾ. ನನ್ನಿಂದ ನಿನಗ ಚೊಲೋ ಆತಿಲ್ಲೋ?”

‘ಹೂಂ’ ಅಂದಿದ್ದರೆ ಸಾಕಿತ್ತು. ಹುಟ್ಟಿದಾಗಿನಿಂದ ಎಲ್ಲರಿಗೂ ಅನ್ನುತ್ತ ಬಂದದ್ದು ಅದನ್ನೇ. ಆದರೆ ಟ್ರಂಕಿನ ಚಿಲಕ ಕಳಚಿದ್ದು ಆ ಗಳಿಗೆಯಲ್ಲೇ.

“ಇಲ್ಲ ದೊಡ್ಡವ್ವ. ಮುಂಜಾನಿಂದ ಎಲ್ಲಾ ಕೆಡಿಸಿದಾಕಿ ನೀನ.”

ದೊಡ್ಡವ್ವ ಕಟಕಟ ಹಲ್ಲು ಕಚ್ಚಿದಳು. ಪರದೆಯ ತುಂಬ ಗೆರೆಗಳು ಜಾಲಿಮುಳ್ಳಾಗಿ ಎದ್ದವು.