ನೂರು ಮುಟ್ಟದ ಕಂಪ್ಯೂಟರು

ಗುಡುಗಣ್ಣ ಹೆಂಡತಿಗೆ ಕೊಡಬೇಕಾದ ಒಂದು ಮೇಜು ಇನ್ನೂ ಬಾಕಿ ಇದೆ. ನಾಲ್ಕು ಕಾಲಿನ, ನಾಲ್ಕೂ ಸಮ ಇರುವ, ಗಟ್ಟಿ ಮೇಜು. ಮಾತು ಕೊಟ್ಟು ಹತ್ತೊಂಬತ್ತು ವರ್ಷವಾಯಿತು. ಈ ನಡುವೆ ಆತ ಎರಡು ಕಾರ್ಖಾನೆಗಳ ಗೇಟು ಮುಚ್ಚಿಸಿದ, ಒಂದು ಸೇತುವೆಯ ಮೇಲೆ ಮೂರು ದಿನ ಅಡ್ಡ ಮಲಗಿದ, ಏಳು ಸಲ ಲಾಕಪ್ಪಿನ ನೆಲ ಗುಡಿಸಿ ಬಂದ. ಮೇಜು ಮಾತ್ರ ಬರಲಿಲ್ಲ. ಇದ್ದ ಹಳೇ ಮೇಜಿನ ಮೋಟು ಕಾಲಿನಡಿ ಯಾವುದೋ ಮುಷ್ಕರದಲ್ಲಿ ಹಂಚಿ ಉಳಿದ ಕರಪತ್ರಗಳನ್ನು ಮಡಚಿ ತುರುಕಿ, "ನೋಡು, ಚಳವಳಿ ನಿನಗೂ ಆಧಾರ ಆಯ್ತು" ಅಂದುಬಿಟ್ಟ.

ಆ ಕುಂಟು ಮೇಜಿನ ಮೇಲೆಯೇ ಮನೆಯ ಅನ್ನ ಹುಟ್ಟುತ್ತಿತ್ತು. ಬೀದಿಯವರ ಅರ್ಜಿ, ಕರಾರು ಎಲ್ಲ ಟೈಪು ಮಾಡಿಕೊಡುವವಳು ಹೆಂಡತಿ. ಸೋಮವಾರ ಬೆಳಗ್ಗೆ ನೋಡಿದರೆ ಕಂಪ್ಯೂಟರು ಏಳಲೇ ಇಲ್ಲ. ಅದರೊಳಗಿನ ವಿಂಡೋಸು ಕೆಟ್ಟು ಕೂತಿತ್ತು. ಹೊಸದಾಗಿ ಹಾಕದೆ ಗತಿಯಿಲ್ಲ.

ಅದೇ ಹೊತ್ತಿಗೆ ಬಾಗಿಲಲ್ಲಿ ಆಸ್ಪತ್ರೆಯ ಬಟ್ಟೆ ಒಗೆಯುವ ಹೆಂಗಸು ನಿಂತಿದ್ದಳು. ಒಗೆಯುವ ಮಿಷನ್ನು ಸುಟ್ಟಿತ್ತು. ತಪ್ಪು ಆಕೆಯದೆಂದು ಮೇಸ್ತ್ರಿ ಬರೆದಿದ್ದ. ಆಕೆ ತನ್ನ ಉತ್ತರವನ್ನು ಅಂದೇ ಸಂಜೆ ನಾಲ್ಕರೊಳಗೆ ಕಾರ್ಮಿಕರ ಕಚೇರಿಗೆ ಮುಟ್ಟಿಸದಿದ್ದರೆ ಹನ್ನೊಂದು ವರ್ಷದ ಕೆಲಸ ಹೋದಂತೆಯೇ. ಕೈಬರಹವಾದರೆ ಅಲ್ಲಿಯ ಗುಮಾಸ್ತ ಮುಟ್ಟಿಯೂ ನೋಡುವವನಲ್ಲ.

"ರೀ, ರಿಪೇರಿಯವರಿಗೆ ಒಂದು ಫೋನ್ ಮಾಡಿ" ಎಂದಳು ಹೆಂಡತಿ.

"ರಿಪೇರಿಯವನಾ? ಮಂತ್ರಿ ಕುರ್ಚಿ ಅಲ್ಲಾಡಿಸಿದವನು ನಾನು! ಈ ತಗಡಿನ ಡಬ್ಬ ಯಾವ ಲೆಕ್ಕ? ಮಧ್ಯಾಹ್ನದ ಊಟಕ್ಕೆ ಮುಂಚೆ ಎಬ್ಬಿಸಿ ಕೂರಿಸ್ತೀನಿ!"

"ಅಲ್ಲಾಡಿಸೋದು ಬರುತ್ತೆ ನಿಮಗೆ. ಕೂರಿಸೋದು ಬರುತ್ತಾ?"

ಗುಡುಗಣ್ಣ ಅಂಗೈಯಿಂದ ಮೇಜಿಗೆ ಧಡ್ಡನೆ ಒಂದು ಕೊಟ್ಟ. ಅದು ಆತನ ಅಭ್ಯಾಸ. ಮೂವತ್ತು ವರ್ಷ ಮೈಕಿಲ್ಲದೆ ಭಾಷಣ ಮಾಡಿದ ಮನುಷ್ಯ. ಪೂರ್ಣವಿರಾಮ ಆತನ ಬಾಯಿಂದ ಬರುತ್ತಿರಲಿಲ್ಲ, ಕೈಯಿಂದ ಬರುತ್ತಿತ್ತು.

ತನ್ನ ಕಾರ್ಮಿಕ ಸಂಘದ ಆಫೀಸಿನಿಂದ ವಿಂಡೋಸು ತುಂಬಿಸಿ ತಂದಿದ್ದ ಪೆನ್ ಡ್ರೈವನ್ನು ಚುಚ್ಚಿದ. ನೂರಕ್ಕೆ ಎಷ್ಟು ಕೆಲಸ ಮುಗಿಯಿತೆಂಬ ಅಂಕಿ ಪರದೆಯ ಮೇಲೆ ಏರತೊಡಗಿತು. ಐದು, ಒಂಬತ್ತು, ಹನ್ನೆರಡು.

"ನೋಡಿದ್ಯಾ ತಾಯಿ? ಯಂತ್ರಾನೂ ದುಡಿಯೋ ವರ್ಗವೇ. ಪ್ರೀತಿಯಿಂದ ಹೇಳಿದ್ರೆ ಕೇಳುತ್ತೆ!" ಧಡ್.

ಪರದೆ ಕಪ್ಪಾಯಿತು. ಕಂಪ್ಯೂಟರು ಒಮ್ಮೆ ಕೆಮ್ಮಿ, ಮತ್ತೆ ಮೊದಲಿನಿಂದ ಹೊರಟಿತು. ಸೊನ್ನೆ!

"ಬಿಸಿಯಾಗಿರಬೇಕು" ಎಂದು ಗುಡುಗಣ್ಣ ತೀರ್ಪು ಕೊಟ್ಟ. ಡಬ್ಬದ ಪಕ್ಕದ ತಗಡು ಬಿಚ್ಚಿದ. ಒಳಗೆ ಒಂದು ಕಂಬಳಿಯಷ್ಟು ಧೂಳು. ಊದಿದ, ಅರ್ಧ ಆತನ ಮೀಸೆಗೆ ಬಂತು, ಉಳಿದದ್ದು ಹೆಂಡತಿ ಮಡಚಿಟ್ಟ ಬಟ್ಟೆಗೆ ಹೋಯಿತು. ಫ್ಯಾನನ್ನು ಅದರ ಮೂತಿಗೆ ತಿರುಗಿಸಿದ. ಸೆಕೆಯಲ್ಲಿ ಮನುಷ್ಯರು ಮೂವರು, ಗಾಳಿ ಕಂಪ್ಯೂಟರಿಗೆ! ಅಂಕಿ ನಲವತ್ತೊಂದಕ್ಕೆ ಏರಿತು.

ಬಾಗಿಲ ಬಳಿ ಕೂತಿದ್ದ ಹೆಂಗಸು ಕತ್ತು ಚಾಚಿದಳು. "ಅಣ್ಣಾ, ಒಂದು ಮಾತು..."

"ಹೆದರಬೇಡ ತಾಯಿ! ನೀನು ಬಾಯಿ ಬಿಡೋದೇ ಬೇಡ. ನಿನ್ನ ಪರವಾಗಿ ಮಾತಾಡೋಕೆ ಅಂತಾನೇ ನಾನು ಇರೋದು!" ಧಡ್.

ಕಪ್ಪು. ಕೆಮ್ಮು. ಸೊನ್ನೆ!

ಈಗ ಆತ ಒಳಗಿದ್ದ ಮೆಮೊರಿಯ ಪಟ್ಟಿಯನ್ನು ಕಿತ್ತು, ಅದರ ಹಿತ್ತಾಳೆ ಬಣ್ಣದ ಹಲ್ಲುಗಳನ್ನು ರಬ್ಬರಿನಿಂದ ಉಜ್ಜಿದ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ! ಪಟ್ಟಿ ಫಳಫಳ ಹೊಳೆಯಿತು. ಹೆಂಡತಿ ನಿಟ್ಟುಸಿರಿಟ್ಟು, ಹೊತ್ತು ಕಳೆಯುವುದು ಬೇಡವೆಂದು ಹಾಳೆ ತೆಗೆದು ಅಡುಗೆಮನೆಯ ಹೊಸ್ತಿಲಲ್ಲಿ ಕೂತಳು. "ನಿಮ್ಮ ಡಬ್ಬ ಎದ್ದೇಳೋ ಹೊತ್ತಿಗೆ ಪತ್ರ ಆದ್ರೂ ಬರೆದಿಟ್ಟಿರ್ತೀನಿ. ಹೇಳಮ್ಮಾ, ಏನಾಯ್ತು?"

ಹೆಂಗಸು ಬಾಯಿ ತೆರೆಯುವ ಮೊದಲೇ ಗುಡುಗಣ್ಣ ಶುರುಮಾಡಿದ: "ಬರಿ! ಶತಮಾನಗಳಿಂದ ಹಿಂಡಲ್ಪಟ್ಟ ಬಟ್ಟೆಯಂತೆ..."

"ಆಕೆ ಕೆಲಸಕ್ಕೆ ಸೇರಿ ಹನ್ನೊಂದು ವರ್ಷ ಕಣ್ರೀ, ಶತಮಾನ ಎಲ್ಲಿಂದ ತಂದ್ರಿ?"

"ಭಾವ ಮುಖ್ಯ!"

ಅಂಕಿ ಅರವತ್ಮೂರು.

"ಅಣ್ಣಾ," ಹೆಂಗಸು ಈಗ ಎದ್ದೇ ನಿಂತಿದ್ದಳು, "ಆ ಹಿಂದಿನ ವೈರು..."

"ವೈರಲ್ಲ ತಾಯಿ, ಇದರ ಹಿಂದೆ ಇರೋದು ದೊಡ್ಡ ಕಂಪನಿಗಳ ಕೈವಾಡ. ಬಡವರ ಮನೇಲಿ ನೂರು ಮುಟ್ಟಬಾರದು ಅಂತ ಮೊದಲೇ ತೀರ್ಮಾನ ಆಗಿದೆ!" ಧಡ್.

ಸೊನ್ನೆ!

ಗಂಟೆ ಒಂದು ದಾಟಿತು. ಊಟದ ಮಾತು ಯಾರೂ ಎತ್ತಲಿಲ್ಲ. ಗುಡುಗಣ್ಣನ ಮುಖದಲ್ಲಿ ಮೊದಲ ಸಲ ಭಯ ಕಾಣಿಸಿತು. ಲಾಠಿ ತಿಂದಾಗಲೂ ಬಾರದ ಭಯ. ಹೆಂಗಸು ಗೋಡೆಯ ಗಡಿಯಾರ ನೋಡುತ್ತಿದ್ದಳು. ಸೆರಗಿನ ತುದಿಯನ್ನು ಹಿಂಡುತ್ತಲೇ ಇದ್ದಳು, ಒದ್ದೆಯಿಲ್ಲದ ಬಟ್ಟೆಯನ್ನು. ಆತ ಸುಮ್ಮನೆ ಪರದೆಯ ಮುಂದೆ ಕೂತ. ಸುಮ್ಮನಿದ್ದದ್ದರಿಂದಲೋ ಏನೋ, ಅಂಕಿ ಎಪ್ಪತ್ತು ದಾಟಿತು. ಎಂಬತ್ತು. ಎಂಬತ್ತೇಳು!

ಹೊಸ್ತಿಲಲ್ಲಿ ಹೆಂಗಸು ಮೆಲ್ಲಗೆ ಹೇಳುತ್ತಿದ್ದಳು, ಹೆಂಡತಿ ಬರೆದುಕೊಳ್ಳುತ್ತಿದ್ದಳು: "ಮಿಷನ್ನಿನ ಪ್ಲಗ್ಗು ಸಡಿಲ ಇತ್ತಕ್ಕಾ. ಮೇಸ್ತ್ರಿ ಸಿಟ್ಟು ಬಂದಾಗೆಲ್ಲ ಮಿಷನ್ನಿಗೆ ಗುದ್ದೋರು. ಗುದ್ದಿದಾಗ ನಿಲ್ಲೋದು, ಕಿಡಿ ಹಾರೋದು. ಮೂರು ಸಲ ಹೇಳೋಕೆ ಹೋದೆ. 'ನಿನಗೇನು ಗೊತ್ತು ಸುಮ್ನಿರು' ಅಂದ್ರು. ಯಾರೂ ಕಿವಿಗೆ ಹಾಕ್ಕೊಳ್ಳಲಿಲ್ಲ."

ಗುಡುಗಣ್ಣನ ರಕ್ತ ಕುದಿಯಿತು. ಎದ್ದೇ ನಿಂತ. "ಕೇಳಿದ್ಯಾ! ದುಡಿಯೋಳ ಮಾತು ಕೇಳದ ಇಂಥ ಕಿವುಡರಿಗೆ ಧಿಕ್ಕಾರ!"

ಧಡ್! ಜೀವಮಾನದ ಅತಿ ದೊಡ್ಡ ಪೂರ್ಣವಿರಾಮ.

ಕಪ್ಪು. ಕೆಮ್ಮು. ಸೊನ್ನೆ.

ಹೆಂಡತಿ ಮೇಜನ್ನು ನೋಡಿದಳು, ಗಂಡನ ಅಂಗೈಯನ್ನು ನೋಡಿದಳು, ಕೈಲಿದ್ದ ಹಾಳೆಯನ್ನು ನೋಡಿದಳು.

"ಅಣ್ಣಾ," ಎಂದಳು ಹೆಂಗಸು, ಸಿಟ್ಟಿಲ್ಲದೆ, ಲೆಕ್ಕ ಒಪ್ಪಿಸುವ ಹಾಗೆ. "ಇಲ್ಲೂ ಹೇಳೋಕೆ ಬಂದೆ. ನೀವೂ ಬಿಡ್ಲಿಲ್ಲ."

ಆಕೆ ಮೇಜಿನ ಹಿಂದೆ ಬಗ್ಗಿದಳು. ಕರೆಂಟಿನ ವೈರು ಡಬ್ಬದ ಬೆನ್ನಿನಲ್ಲಿ ಸಡಿಲ ಹಲ್ಲಿನಂತೆ ತೂಗಾಡುತ್ತಿತ್ತು. ಅಂಗೈಯಿಂದ ಒತ್ತಿ ಕೂರಿಸಿ, ಬಟ್ಟೆಯ ಚೂರೊಂದರಿಂದ ಬಿಗಿಯಾಗಿ ಕಟ್ಟಿದಳು. ಅರ್ಧ ನಿಮಿಷದ ಕೆಲಸ. ಅದಕ್ಕೆ ಗುಡುಗಣ್ಣ ನಾಲ್ಕು ತಾಸು, ಒಂದು ರಬ್ಬರು ಮತ್ತು ಅಷ್ಟೂ ದೊಡ್ಡ ಕಂಪನಿಗಳನ್ನು ಖರ್ಚು ಮಾಡಿದ್ದ!

"ಇನ್ನು ಕೈ ಎಲ್ಲಿಡ್ತೀರಿ?" ಹೆಂಡತಿ ಕೇಳಿದಳು.

"ತೊಡೆ ಕೆಳಗೆ" ಎಂದ ಗುಡುಗಣ್ಣ.

"ಬಾಯಿ?"

ಆತ ಅದಕ್ಕೂ ಜಾಗ ಹುಡುಕಿದ, ಸಿಗದೆ, ಮುಚ್ಚಿದ.

ಐವತ್ತು ನಿಮಿಷ. ಸೇತುವೆಯ ಮೇಲಿನ ಮೂರು ದಿನ ಇದರ ಮುಂದೆ ಏನೂ ಅಲ್ಲ. ಮಾತು ಗಂಟಲಿಗೆ ಬಂದು, ತಿರುಗಿ ಹೊಟ್ಟೆಗೆ ಇಳಿದು, ಅಲ್ಲಿ ಗುಡುಗಿತು. ಎಂಬತ್ತೇಳು ದಾಟಿತು. ತೊಂಬತ್ತೈದು. ನೂರು! ಸಂಭ್ರಮಕ್ಕೆ ಆತನ ಬಲಗೈ ತಾನಾಗಿ ಮೇಲೆದ್ದಿತು. ಹೆಂಡತಿ ಅದನ್ನು ಗಾಳಿಯಲ್ಲಿಯೇ ಹಿಡಿದಳು. ಹಿಡಿದುಕೊಂಡೇ ಎಡಗೈಯಿಂದ ಪತ್ರದ ಮೊದಲ ಸಾಲು ಟೈಪು ಮಾಡಿದಳು. ಶತಮಾನವೂ ಇಲ್ಲ, ಧಿಕ್ಕಾರವೂ ಇಲ್ಲ. ಆ ಹೆಂಗಸು ಹೇಳಿದ್ದಷ್ಟೇ, ಹೇಳಿದ ಹಾಗೇ.

ನಾಲ್ಕಕ್ಕೆ ಹತ್ತು ನಿಮಿಷ ಇರುವಾಗ ಕಚೇರಿಯ ಗುಮಾಸ್ತ ಪತ್ರದ ಮೇಲೆ ಮೊಹರು ಒತ್ತಿದ. ಧಡ್ ಎಂದು! ಆ ಸದ್ದಿಗೆ ಬೆಚ್ಚಿಬಿದ್ದವನು ಗುಡುಗಣ್ಣ ಒಬ್ಬನೇ.

ಮೂರು ವಾರಕ್ಕೆ ಹೆಂಗಸಿಗೆ ಕೆಲಸ ವಾಪಸಾಯಿತು. ಆ ದಿನ ಆಕೆ ಬಂದು ಬಟ್ಟೆಚೂರಿನ ಗಂಟು ಭದ್ರವಾಗಿದೆಯೇ ಎಂದು ನೋಡಿದಳು. ಗುಡುಗಣ್ಣ ಎದ್ದು ಕುರ್ಚಿ ಬಿಟ್ಟುಕೊಟ್ಟ, ಭಾಷಣ ಮಾಡಲಿಲ್ಲ. ಮೇಜು ಮಾತ್ರ ಈಗಲೂ ಅದೇ. ಅದೇ ಮೋಟು ಕಾಲು, ಅಡಿಯಲ್ಲಿ ಅದೇ ಕರಪತ್ರ.

ಓದಿ ನಕ್ಕಿರಿ ತಾನೇ? ನಿಮ್ಮ ಮನೆಯ ಮೂಲೆಯಲ್ಲಿ ಹಳೇ ಪೇಪರು ಹೊತ್ತುಕೊಂಡು ಸುಮ್ಮನೆ ನಿಂತ ಗಟ್ಟಿ ಮೇಜೊಂದು ಇದೆ, ಇಲ್ಲವೆನ್ನಬೇಡಿ. ಪೇಪರು ಇಳಿಸಿ, ಮೇಜನ್ನು ಹೊರಗಿಡಿ. ಹೊತ್ತೊಯ್ಯಲು ಗುಡುಗಣ್ಣನೇ ಬರುತ್ತಾನೆ, ಬಾಯಿ ಬಿಡುವುದಿಲ್ಲ. ಹತ್ತೊಂಬತ್ತು ವರ್ಷದ ಬಾಕಿ ಇದು. ಸಲಹೆ ಬೇಡ, ಮೇಜು ಕೊಡಿ!