ಹನ್ನೊಂದು ಅಧ್ಯಕ್ಷರು, ಒಂದೇ ಮುಖ

ಹಿರಿಯರನ್ನು ಹೆಸರು ಹಿಡಿದು ಕರೆಯಬಾರದೆಂದು ಬೆಳೆದವರು ಕಂಪ್ಯೂಟರ್ ಮುಟ್ಟಬಾರದು. ನಮ್ಮಜ್ಜಿ ಸಾಯುವವರೆಗೂ ತಾತನ ಹೆಸರು ಹೇಳಲಿಲ್ಲ. ರೇಷನ್ ಕಾರ್ಡಿನವರು ಕೇಳಿದರೆ ಪಕ್ಕದವರ ಮುಖ ನೋಡುತ್ತಿದ್ದಳು. ನನ್ನದೂ ಅದೇ ರಕ್ತ. ನಂದಗುಡಿಯಲ್ಲಿ ಸುತ್ತಲಿನ ಹಾಲಿನ ಸಂಘಗಳ ಕಾಗದಪತ್ರ ನೋಡಿಕೊಳ್ಳುವ ಸಣ್ಣ ಕಚೇರಿಯಲ್ಲಿ ನನಗೆ ಕೆಲಸ. ವಾರ್ಷಿಕ ಸಭೆಗೆಂದು ಹನ್ನೊಂದು ಹಳ್ಳಿಗಳ ಅಧ್ಯಕ್ಷರ ಫೋಟೋ ಜೋಡಿಸುವಾಗ ಹಳ್ಳಿಗೊಂದು ಫೋಲ್ಡರ್ ಮಾಡಿದೆ. ಒಳಗಿನ ಫೋಟೋಗೆ ಏನೆಂದು ಹೆಸರಿಡುವುದು? ಅಪ್ಪನ ವಯಸ್ಸಿನವರನ್ನು ಬರೀ ಮುನಿಶಾಮಪ್ಪ ಎನ್ನಲು ಬೆರಳು ಏಳಲಿಲ್ಲ. ಹನ್ನೊಂದಕ್ಕೂ ಗೌರವದಿಂದ 'ಅಧ್ಯಕ್ಷರು' ಎಂದೇ ಇಟ್ಟೆ.

ಅವನ್ನು ಹೊಸಕೋಟೆಯ ದೊಡ್ಡ ಕಚೇರಿಯ ಕಂಪ್ಯೂಟರಿಗೆ ಇಲ್ಲಿಂದಲೇ ಕಳಿಸಬೇಕಿತ್ತು. ಎಲ್ಲ ಫೋಲ್ಡರುಗಳಿಂದ ಫೋಟೋ ಎತ್ತಿ ಅಲ್ಲಿಗೆ ಹಾಕು ಎಂದು ಒಂದು ಸಾಲಿನ ಕಮಾಂಡ್ ಕೊಟ್ಟು ಟೀ ಕುಡಿದು ಬಂದೆ. ಅಲ್ಲಿನ ಸವಿತಾಳ ಫೋನು. "ಅಕ್ಕಾ, ಇಲ್ಲಿ ಒಬ್ರೇ ಅವ್ರೆ ಕಣಕ್ಕಾ!" ಫೋಟೋಗಳು ಹೋಗಿದ್ದವು, ಫೋಲ್ಡರುಗಳು ಇಲ್ಲೇ ಉಳಿದಿದ್ದವು. ಒಂದೇ ಹೆಸರಿನವರೆಲ್ಲ ಒಂದೇ ಜಾಗಕ್ಕೆ ಹೋದಾಗ ಹಿಂದಿನವರನ್ನು ಅಳಿಸಿ ಮುಂದಿನವರು ಕೂತಿದ್ದರು. ಕೊನೆಗೆ ಹೋದ ಸಮೇತನಹಳ್ಳಿಯವರು ಮಾತ್ರ ಮೀಸೆ ತಿರುವಿಕೊಂಡು ಉಳಿದಿದ್ದರು. ಚುನಾವಣೆಯಿಲ್ಲದೆ ಹತ್ತು ಮಂದಿ ಅಧ್ಯಕ್ಷರನ್ನು ಇಳಿಸಿದ ಕೀರ್ತಿ ನನ್ನದು!

ಫೋನು ಅಲ್ಲೇ ಕೂರುವ ನಮ್ಮ ಮ್ಯಾನೇಜರ ಕೈಗೆ ಹೋಯಿತು. "ನೋಡಮ್ಮ ಸುಜಾತಾ, ಮೂರು ಗಂಟೆಗೆ ಸಭೆ. ಒಬ್ರ ಮುಖ ಬರ್ಲಿಲ್ಲ ಅಂದ್ರೂ ನಿನ್ ಜಾಗಕ್ಕೆ ಬೇರೆಯವ್ರನ್ನ ನೋಡ್ಕೋತೀನಿ." ಫೋಟೋಗಳ ಹೆಸರು ಬದಲಿಸಿ ಕಳಿಸಿದರೂ ಪ್ರಯೋಜನವಿಲ್ಲ. ಸಭೆಯ ಪರದೆಯ ಮೇಲೆ ಮುಖದ ಕೆಳಗೆ ಊರಿನ ಹೆಸರು ಬರುವುದೇ ಫೋಲ್ಡರಿನಿಂದ. ಇಂಗ್ಲಿಷಿನ ಸಹಾಯಪುಟವನ್ನು ಅಕ್ಕಿ ಆರಿಸುವಂತೆ ಸಾಲುಸಾಲಾಗಿ ಆರಿಸಿದೆ. ಸಿಕ್ಕಿತು! ಫೈಲಿನ ಜೊತೆ ಅದರ ಹಾದಿಯನ್ನೂ ಹಾಗೇ ಒಯ್ಯು ಎನ್ನುವುದಕ್ಕೆ ಬೇಕಾದದ್ದು ದೊಡ್ಡ ಆರ್, ಒಂದೇ ಒಂದು ಅಕ್ಷರ. ಹಾಕಿದೆ, ಒತ್ತಿದೆ. "ಅಕ್ಕಾ, ಹನ್ನೊಂದು ಊರೂ ಬಂದ್ಬಿಟ್ವು!" ಎಂದು ಸವಿತಾ ಫೋನಿನಲ್ಲಿ ಕಿರುಚಿದಳು. ಸೆರಗು ಸಿಕ್ಕಿಸಿಕೊಂಡು ಹೊಸಕೋಟೆ ಬಸ್ಸು ಹತ್ತಿದೆ. ನಿಂತೇ ಹೋದರೂ ಕೂತ ರಾಣಿಯ ಗತ್ತಿತ್ತು.

ಸಭೆಯಲ್ಲಿ ಪರದೆ ಬೆಳಗಿತು. ಹನ್ನೊಂದು ಮುಖ, ಅವರವರ ಊರು, ಒಂದೂ ತಪ್ಪಿಲ್ಲ. ಚಪ್ಪಾಳೆಯೋ ಚಪ್ಪಾಳೆ! ಆಮೇಲೆ ನಗು. ನಾನೂ ಕತ್ತೆತ್ತಿ ಓದಿದೆ. ಹಾದಿ ಎಂದರೆ ಇಡೀ ಹಾದಿಯೇ ಬಂದಿತ್ತು. ಹಳ್ಳಿಗಳ ಫೋಲ್ಡರುಗಳನ್ನೆಲ್ಲ ನಾನು ಒಂದು ದಿನ ಸಿಟ್ಟಿನಲ್ಲಿ ಹೆಸರಿಟ್ಟ ಇನ್ನೊಂದು ಫೋಲ್ಡರಿನೊಳಗೆ ಇಟ್ಟಿದ್ದೆ. ಪ್ರತಿ ಅಧ್ಯಕ್ಷರ ಕೆಳಗೂ ದಪ್ಪಕ್ಷರದಲ್ಲಿ 'ಮ್ಯಾನೇಜರ್ ಕಾಟ', ಅದರ ಮುಂದೆ ಊರಿನ ಹೆಸರು.

ಮ್ಯಾನೇಜರು ಕನ್ನಡಕ ಸರಿಮಾಡಿಕೊಂಡು ಮೆಲ್ಲಗೆ ಕೇಳಿದರು: "ಏನಮ್ಮಾ, ಈ ಮ್ಯಾನೇಜರ್ ಕಾಟ ಯಾವ ಹೋಬಳಿಗೆ ಸೇರುತ್ತೆ?"

ನಾನು ಬಾಯಿ ತೆರೆಯುವ ಮೊದಲೇ ನಂದಗುಡಿಯ ಅಧ್ಯಕ್ಷರು ಎದ್ದು ನಿಂತರು. "ಹನ್ನೊಂದು ಊರಿಗೂ ಐತೆ ಬುಡಿ ಸಾರ್, ಹುಡುಗಿ ಸರ್ಯಾಗೇ ಹಾಕವ್ಳೆ."

ಕೆಲಸ ಉಳಿಯಿತು; ಹನ್ನೊಂದು ಜನ ನನ್ನ ಕಡೆಗಿರುವಾಗ ತೆಗೆಯುವವರಾರು? ಮರ್ಯಾದೆಗೆಂದು ತಲೆ ತಗ್ಗಿಸಿ ನಿಂತಿದ್ದೆ. ಹಲ್ಲು ಮಾತ್ರ ಮುಚ್ಚಲಾಗಲಿಲ್ಲ.